ಸ್ಟ್ಯಾಂಡಿನಿಂದ ಹಳಿಗೆ ಇಳಿದ ಇಂಜಿನ್ನು

ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ. ರಾಣಿಯ ಅರಮನೆ ನೋಡಿದಿರಾ? ಆ ದೊಡ್ಡ ಗಡಿಯಾರ ನೋಡಿದಿರಾ? ನೋಡಲಿಲ್ಲ. ಆ ದೇಶದಲ್ಲಿ ನಾನು ಮನಸ್ಸಿಟ್ಟು ನೋಡಿದ್ದು ಒಂದು ಪಾರ್ಕಿನ ಮೂಲೆಯಲ್ಲಿ ಮೊಣಕಾಲೆತ್ತರದ ಕಂಬಗಳ ಮೇಲೆ ಹಾಸಿದ್ದ, ಗೇಣಿಗಿಂತ ಕಿರಿದಾದ ರೈಲು ಹಳಿಯನ್ನು. ಇದನ್ನು ಹೇಳಿದಾಗ ಹಿಂದಿ ಮೇಡಂ ನನ್ನ ಕಡೆ ಮರುಕದಿಂದ ನೋಡಿದರು. ಪೂರ್ತಿ ಕಥೆ ಬರೆದೇಬಿಡೋಣ ಎಂದು ಕೂತಿದ್ದೇನೆ.

ಹಿರೇಹಳ್ಳಿ

ನಮ್ಮೆಜಮಾನರ ಹೆಸರು ಇಕ್ಬಾಲ್, ಹುಟ್ಟೂರು ಕುಣಿಗಲ್. ಕುಣಿಗಲ್ಲಿಗೆ ರೈಲಿಲ್ಲ. ಅವರ ತಂದೆ ಅಲ್ಲಿ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರು. ರೈಲೇ ಇಲ್ಲದ ಊರಿನಲ್ಲಿ ಹುಟ್ಟಿದವರಿಗೆ ರೈಲಿನ ಹುಚ್ಚು ಹಿಡಿದರೆ ಬಿಡುವುದಿಲ್ಲ ಎಂದು ನನಗೆ ಮದುವೆಯಾದ ಮೇಲೆ ತಿಳಿಯಿತು. ನಾನು ಗುಬ್ಬಿಯವಳು. ನಮ್ಮ ಹಿತ್ತಿಲ ಬೇಲಿಯ ಆಚೆಯೇ ಹಳಿ. ಹೆಣ್ಣು ನೋಡಲು ಬಂದ ದಿನ ಇವರು ನನ್ನನ್ನು ನೋಡಿದ್ದಕ್ಕಿಂತ ಹಿತ್ತಿಲ ಕಡೆ ನೋಡಿದ್ದೇ ಹೆಚ್ಚು ಎಂದು ನಮ್ಮಮ್ಮ ಕೊನೆಯವರೆಗೂ ಆಡಿಕೊಳ್ಳುತ್ತಿದ್ದರು.

ತುಮಕೂರಿನ ಹತ್ತಿರದ ಹಿರೇಹಳ್ಳಿಯಲ್ಲಿ ಇವರದೊಂದು ಲೇತ್ ಶೆಡ್ ಇದೆ. ಹಗಲೆಲ್ಲ ಪಂಪ್‌ಸೆಟ್ಟಿನ ಬಿಡಿಭಾಗಗಳ ಕೆಲಸ, ಸಂಜೆ ತಮ್ಮ ಇಂಜಿನ್ನಿನ ಕೆಲಸ. ಅದು ಗಾಜಿನ ಪೆಟ್ಟಿಗೆಯಲ್ಲಿ ಇಡುವ ಗೊಂಬೆಯಲ್ಲ. ಒಲೆಗೆ ಬೆಂಕಿ ಹಾಕಬೇಕು, ಬಾಯ್ಲರಿಗೆ ನೀರು ತುಂಬಬೇಕು, ಆವಿ ಎದ್ದರೆ ಚಕ್ರ ತಿರುಗುತ್ತದೆ. ಗಾತ್ರ ಮಾತ್ರ ನಮ್ಮ ಮನೆಯ ಕಬ್ಬಿಣದ ಟ್ರಂಕಿನಲ್ಲಿ ಹಿಡಿಸುವಷ್ಟು. ಕಲ್ಲಿದ್ದಲು ಸಿಗದೆ ತೆಂಗಿನ ಚಿಪ್ಪಿನ ಇದ್ದಿಲಲ್ಲೇ ಉರಿಸುತ್ತಿದ್ದರು. ವರ್ಷಗಟ್ಟಲೆ ಕೂತು ಮಾಡಿದರು. ನೆಂಟರೆಲ್ಲ 'ಇಕ್ಬಾಲನ ಆಟದ ಸಾಮಾನು' ಎನ್ನುತ್ತಿದ್ದರು. ಇವರಿಗೆ ಅದು ಕೇಳಿಸುತ್ತಿರಲಿಲ್ಲ.

ನಿಜವಾಗಿಯೂ ಕೇಳಿಸುತ್ತಿರಲಿಲ್ಲ. ಹರೆಯದಲ್ಲಿ ಬಾಯ್ಲರ್ ತಗಡಿಗೆ ರಿವೆಟ್ ಹೊಡೆದು ಹೊಡೆದು ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯ ಹತ್ತಿರ ಬಾಯಿಟ್ಟು ಕೂಗಿದರೆ ಉತ್ತರ ಬರುತ್ತದೆ. ಆವಿ ಇಂಜಿನ್ನಿನ ಕೊನೆಯ ಕೆಲಸವೋ ಕಿವಿಯದ್ದು. ಎರಡು ಸಿಲಿಂಡರ್ ಇರುತ್ತವೆ. ಒಂದೊಂದರೊಳಗೂ ಪಿಸ್ಟನ್ನನ್ನು ಆವಿ ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ತಳ್ಳುತ್ತದೆ. ಯಾವಾಗ ಯಾವ ಕಡೆಯಿಂದ ಎಂದು ತೀರ್ಮಾನಿಸುವುದು ಸಿಲಿಂಡರಿನ ಮೇಲೆ ಸರಿದಾಡುವ, ಬೆಂಕಿಪೊಟ್ಟಣದಷ್ಟು ದೊಡ್ಡ ಹಿತ್ತಾಳೆಯ ವಾಲ್ವು. ಚಕ್ರ ಒಂದು ಸುತ್ತು ಬಂದರೆ ಚಿಮಣಿಯಿಂದ ನಾಲ್ಕು ಛಕ್. ವಾಲ್ವು ಕೂದಲೆಳೆಯಷ್ಟು ಆಚೀಚೆ ಆದರೂ ಛಕ್ಕಿನ ಸದ್ದು ಬದಲಾಗುತ್ತದೆ. ಆ ಸದ್ದು ಕೇಳಿಕೊಂಡು ವಾಲ್ವಿನ ಕಡ್ಡಿಯ ನಟ್ಟನ್ನು ಕಾಲು ಸುತ್ತು ಹಿಂದೆ ಮುಂದೆ ತಿರುಗಿಸಬೇಕು. ನಟ್ಟು ತಿರುಗಿಸುವವರು ಇವರು, ಕೇಳುವವಳು ನಾನು. ಇಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಎತ್ತಿಟ್ಟು, ಚಕ್ರಗಳು ಗಾಳಿಯಲ್ಲೇ ತಿರುಗುವ ಹಾಗೆ ಮಾಡಿ, ಎಷ್ಟೋ ಸಂಜೆ ನಾನು ಸ್ಟೂಲಿನ ಮೇಲೆ ಕೂತು "ಇನ್ನೂ ಸ್ವಲ್ಪ", "ಜಾಸ್ತಿ ಆಯ್ತು" ಎಂದು ಬಲಗಿವಿಗೆ ಕೂಗಿದ್ದೇನೆ. ಮನೆಯಲ್ಲಿ ನಮ್ಮದು ಉರ್ದು. ಆದರೆ ಶೆಡ್ಡಿನಲ್ಲಿ ಎಲ್ಲರದೂ ಕನ್ನಡವಾದ್ದರಿಂದ ಇಂಜಿನ್ನಿನ ವಿಷಯ ಬಂದರೆ ಇಬ್ಬರಿಗೂ ಕನ್ನಡವೇ ಬಾಯಿಗೆ ಬರುತ್ತದೆ.

ಒಂದು ಸಂಜೆ "ಆಯ್ತು, ಸರಿ ಇದೆ" ಎಂದೆ. ನನ್ನ ಬಾಲ್ಯದ ಇಂಜಿನ್ನೇ ಎದುರು ನಿಂತ ಹಾಗೆ ಕೇಳಿಸಿತು. ಇವರು ಕೈ ಒರೆಸಿಕೊಂಡು, "ಸ್ಟ್ಯಾಂಡ್ ಮೇಲೆ ತಿರುಗೋದು ಒಂದ್ ತಿರುಗೋದಾ? ಇದ್ರ ಹಿಂದೆ ಕೂತ್ಕಂಡು ಹೋಗ್ಬೇಕು ಕಣೇ" ಎಂದರು. ತುಮಕೂರಿನಲ್ಲಿ ಅಂಥ ಹಳಿ ಎಲ್ಲಿಂದ ತರುವುದು? ಇಂಗ್ಲೆಂಡಿನಲ್ಲಿದ್ದ ನಮ್ಮಣ್ಣ ಗೌಸ್ ತನ್ನೂರಿನ ಪಾರ್ಕಿನಲ್ಲಿ ಇದೇ ಅಳತೆಯ ಹಳಿ ಇದೆ, ಇಂಥ ಇಂಜಿನ್ನು ಕಟ್ಟುವವರದ್ದೇ ಒಂದು ಕ್ಲಬ್ಬಿದೆ ಎಂದು ಬರೆದ. ಅಲ್ಲಿಗೆ ಶುರುವಾಯಿತು ನಮ್ಮ ವಿದೇಶ ಯಾತ್ರೆ. ಎಂಬತ್ತರ ದಶಕ ಶುರುವಾಗಿತ್ತಷ್ಟೆ, ನನಗೆ ಬೇಸಿಗೆ ರಜೆ.

ಬೊಂಬಾಯಿ

ವಿಮಾನ ನಿಲ್ದಾಣದಲ್ಲಿ ಟ್ರಂಕನ್ನು ಬಿಚ್ಚಿಸಿದರು. ಹಳೆಯ ಸೀರೆಗಳ ನಡುವೆ ಇಂಜಿನ್ನು ಬಾಣಂತಿಯ ಹಾಗೆ ಬೆಚ್ಚಗೆ ಮಲಗಿತ್ತು. ಅಧಿಕಾರಿ ಚಿಮಣಿಯೊಳಗೆ ಟಾರ್ಚು ಬಿಟ್ಟು ನೋಡಿದ. ಆಮೇಲೆ ಚಿಪ್ಪಿನ ಇದ್ದಿಲಿನ ಡಬ್ಬಿ ತೆರೆದು, ಮೂಸಿ, ಇದೇನು ಎಂದ. ನನ್ನ ಹಿಂದಿಯಲ್ಲಿ ಹೇಳಿದೆ. ಇಂಗ್ಲೆಂಡಿಗೆ ಇದ್ದಿಲು ಹೊತ್ತುಕೊಂಡು ಹೋಗುತ್ತಿದ್ದೀರಾ ಎಂದು ಆತ ಪಕ್ಕದವನನ್ನು ಕರೆದು ತೋರಿಸಿದ. ಕೊನೆಗೆ ಇಂಜಿನ್ನಿನ ಕಡೆ ಬೆರಳು ಮಾಡಿ, ಇದರಿಂದ ಏನು ಉಪಯೋಗ ಎಂದು ಕೇಳಿದ. ನಾನು ಇವರ ಬಲಗಿವಿಗೆ ದಾಟಿಸಿದೆ. ಇವರು ಮುಖ ಅರಳಿಸಿಕೊಂಡು, "ಏನೂ ಇಲ್ಲ ಸಾರ್" ಎಂದರು. ಅಷ್ಟು ಸಂತೋಷದಿಂದ ಹೇಳಿದ್ದನ್ನು ಅನುಮಾನಿಸಲು ಅವನಿಗೂ ಮನಸ್ಸು ಬರಲಿಲ್ಲವೆಂದು ಕಾಣುತ್ತದೆ. ಮುಚ್ಚಿಕೊಳ್ಳಿ ಎಂದು ಕೈಸನ್ನೆ ಮಾಡಿದ.

ಅಣ್ಣನ ಊರು

ಅಣ್ಣ ಅಲ್ಲಿ ಬಸ್ ಓಡಿಸುತ್ತಾನೆ. ನನ್ನ ಮದುವೆಗೂ ಮುಂಚೆ ಹೋದವನು. ಅವನ ಬೀದಿಯಲ್ಲಿ ಉರ್ದು ಮಾತಾಡಲು ಜನ ಬೇಕಾದಷ್ಟಿದ್ದಾರೆ, ಬರ ಇರುವುದು ಕನ್ನಡಕ್ಕೆ. ಹಾಗಾಗಿ ನಾನು ಬಂದಿಳಿದ ಗಳಿಗೆಯಿಂದ ಅವನು ಉರ್ದುವನ್ನು ಅತ್ತಿಗೆಗೆ ಬಿಟ್ಟುಕೊಟ್ಟು ನನ್ನೊಡನೆ ಗುಬ್ಬಿಯ ಕನ್ನಡವನ್ನೇ ಆಡಿದ. "ಏನ್ ತಂಡಿ ಅಂತೀಯ, ಮೊದಲ್ನೇ ವರ್ಷ ಊರಿಗೆ ಓಡೋಗ್ಬುಡಾದಾ ಅನ್ನುಸ್ತಿತ್ತು ಕಣೇ." ಪಾಪ, ಅವನ ಬೈಗುಳಗಳು ಸಹ ಇಪ್ಪತ್ತು ವರ್ಷ ಹಳೆಯವು.

ಆ ಊರಿನಲ್ಲಿ ನನಗೆ ಅಚ್ಚರಿಯಾದದ್ದು ಮೌನ. ಅಷ್ಟು ಮನೆಗಳು, ಒಂದರಿಂದಲೂ ಒಗ್ಗರಣೆಯ ಸದ್ದಿಲ್ಲ, ಮಗು ಅತ್ತದ್ದಿಲ್ಲ. ಪಕ್ಕದ ಮನೆಯ ಮುದುಕಿ ದಿನವೂ ಬೇಲಿಯಾಚೆಯಿಂದ ಹವಾಮಾನ ಹೇಳುತ್ತಿದ್ದಳು. ನಾನೂ ಆಕಾಶ ನೋಡಿ ಅದನ್ನೇ ತಿರುಗಿ ಹೇಳುತ್ತಿದ್ದೆ. ಇಬ್ಬರಿಗೂ ಗೊತ್ತಿದ್ದ ವಿಷಯವನ್ನು ಇಬ್ಬರೂ ಹೇಳಿಕೊಂಡು ಸಂತೋಷವಾಗಿ ಒಳಗೆ ಹೋಗುವುದು. ತುಮಕೂರಿನಲ್ಲಿ ನಮ್ಮ ಮನೆಯಿರುವ ಶೆಟ್ಟಿಹಳ್ಳಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಅವಳ ಸೊಸೆಯ ವಿಷಯ ನನಗೆ, ನನ್ನ ಸಂಬಳದ ವಿಷಯ ಅವಳಿಗೆ ತಿಳಿದಿರುತ್ತಿತ್ತು.

ಶನಿವಾರ, ಪಾರ್ಕು

ಕ್ಲಬ್ಬಿನ ಹಿರಿಯರ ಹೆಸರು ಆರ್ಥರ್. ಉದ್ದ ಕೋಟು, ಜೇಬಿನಲ್ಲಿ ಎಣ್ಣೆಯ ಡಬ್ಬಿ. ಬೇರೆ ಇಂಜಿನ್ನುಗಳ ಸುತ್ತ ಏಳೆಂಟು ಮಂದಿ ವಯಸ್ಸಾದವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನಿಂತಿದ್ದರು. ಮೊದಲು ಸೊಂಟನೋವೆಂದುಕೊಂಡೆ. ಅದು ಅಲ್ಲಿಯ ಮರ್ಯಾದೆ. ಇನ್ನೊಬ್ಬರ ಇಂಜಿನ್ನನ್ನು ಮುಟ್ಟುವಂತಿಲ್ಲ. ಕೇಳದೆ ಸಲಹೆಯನ್ನೂ ಕೊಡುವಂತಿಲ್ಲ. ನಮ್ಮಲ್ಲಿ ಬೀದಿಯಲ್ಲಿ ಲೂನಾ ಕೆಟ್ಟು ನಿಂತರೆ ಹತ್ತು ಕೈ ಒಳಗೆ ಬರುತ್ತವೆ, ಹನ್ನೊಂದನೆಯವನು ಪ್ಲಗ್ಗನ್ನು ಬಿಚ್ಚಿರುತ್ತಾನೆ.

ಆರ್ಥರ್ ನಮ್ಮ ಬಾಯ್ಲರಿನೊಳಗೆ ಒತ್ತಡದಲ್ಲಿ ನೀರು ತುಂಬಿ, ಸೋರುತ್ತದೆಯೇ ಎಂದು ಪರೀಕ್ಷೆ ಮಾಡಿ "ಕೆಟ್ಟದ್ದೇನಲ್ಲ" ಎಂದರು. ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಬಾಯಿಂದ ಬರುವುದಿಲ್ಲವಂತೆ. ಮರುದಿನ ಭಾನುವಾರ ಜನ ಬರುವ ದಿನ. ಒಂದು ಸುತ್ತು ಭಾರ ಎಳೆದು ತೋರಿಸಿದರೆ ನಾಳೆ ನೀವೂ ಓಡಿಸಬಹುದು ಎಂದರು. ನಮ್ಮ ಚಿಪ್ಪಿನ ಇದ್ದಿಲಿಗೆ ಬೆಂಕಿ ಎಷ್ಟು ಬೇಗ ಹತ್ತಿತೆಂದರೆ ಕೈ ಕಟ್ಟಿದ ಹಿರಿಯರೆಲ್ಲ ನಮ್ಮ ಕಡೆಗೇ ಸರಿದು ಬಂದರು. ಆವಿ ಎದ್ದು ಚಕ್ರ ತಿರುಗಿದಾಗ ಆರ್ಥರ್ ತಲೆ ಓರೆ ಮಾಡಿ ಕೇಳಿ, "ತುಂಬ ಕುತೂಹಲಕರವಾದ ಬಡಿತ ನಿಮ್ಮ ಇಂಜಿನ್ನಿನದು" ಎಂದರು. ಮತ್ತೆ ಕಿವಿಗೊಟ್ಟು, "ಇಂಥದ್ದನ್ನು ಕೇಳಿ ಬಹಳ ವರ್ಷವಾಗಿತ್ತು" ಎಂದರು. ಇವರಿಗೆ ಹೇಳಿದೆ. ನಾವಿಬ್ಬರೂ ಹಿಗ್ಗಿ ಹೋದೆವು.

ಇವರು ಇಂಜಿನ್ನಿಗೆ ಸಿಕ್ಕಿಸಿದ, ತೊಟ್ಟಿಲಿನಷ್ಟು ಉದ್ದದ ಗಾಡಿಯ ಮೇಲೆ ಕಾಲು ಆಚೀಚೆ ಇಳಿಬಿಟ್ಟು ಕೂತರು. ಹಿಂದಿನ ಗಾಡಿಯಲ್ಲಿ ಇಬ್ಬರು ಕ್ಲಬ್ಬಿನವರು. ಸಮತಟ್ಟಿನಲ್ಲಿ ಇಂಜಿನ್ನು ಚೆನ್ನಾಗಿಯೇ ಹೊರಟಿತು. ಕೊಳದ ಪಕ್ಕ ಹಳಿ ಒಂದಿಷ್ಟು ಏರುತ್ತದೆ. ಅಲ್ಲಿ ಹೋಗಿ ನಿಂತುಬಿಟ್ಟಿತು. ಹಿಂದಿದ್ದವರು ಇಳಿದರು. ಇವರೊಬ್ಬರೇ ಉಳಿದರೂ ಒಂದು ಮಾರು ತೆವಳಿ ಮತ್ತೆ ನಿಂತಿತು, ಹಿಂದಕ್ಕೆ ಜಾರಿತು. ಇವರು ಕೆಳಗಿಳಿದು, ಇಂಜಿನ್ನಿನ ಬೆನ್ನು ಸವರಿ, "ಇಲ್ಲಿ ಕಲ್ಲಿದ್ಲು ಸರಿ ಇಲ್ಲ" ಎಂದರು. ಹಾಕಿದ್ದದ್ದು ಊರಿನಿಂದ ತಂದ ಇದ್ದಿಲೇ. ಇವರ ಮುಖ ನೋಡಲು ನನಗಾಗಲಿಲ್ಲ.

ನಾನು ನೇರ ಆರ್ಥರ್ ಹತ್ತಿರ ಹೋಗಿ, ಪಾಠ ಒಪ್ಪಿಸುವವಳ ಇಂಗ್ಲಿಷಿನಲ್ಲಿ, ಏನು ತಪ್ಪಿದೆ ಎಂದು ಕೇಳಿದೆ. ಕೇಳಿದ್ದೇ ತಡ, ಕಟ್ಟೆ ಒಡೆದ ಹಾಗೆ ಹೇಳಿದರು. ಬೆಳಗಿನಿಂದ ತಡೆದುಕೊಂಡಿದ್ದರೆಂದು ಕಾಣುತ್ತದೆ. ಮೂರು ಛಕ್ ಸರಿಯಾಗಿವೆ, ನಾಲ್ಕನೆಯದು ತಡ, ಅದೂ ನಿಟ್ಟುಸಿರಿನ ಹಾಗೆ. ಬಲಗಡೆಯ ವಾಲ್ವು ಒಂದು ಪಕ್ಕಕ್ಕೆ ಸರಿದಿದೆ. ಆ ಕಡೆಯಿಂದ ಪಿಸ್ಟನ್ನಿಗೆ ತಳ್ಳುವ ಬಲವೇ ಸಿಗುತ್ತಿಲ್ಲ. ಸ್ಟ್ಯಾಂಡಿನ ಮೇಲೆ ಅದು ಗೊತ್ತಾಗುವುದಿಲ್ಲ, ಏರಿನಲ್ಲಿ ಗೊತ್ತಾಗುತ್ತದೆ.

"ಆದರೆ ಇಂಜಿನ್ ಎಂದರೆ ಹೀಗೇ ಅಲ್ಲವೇ ಸದ್ದು ಮಾಡುವುದು?" ಎಂದೆ. ಅವರು ನನ್ನನ್ನು ಓಡುತ್ತಿದ್ದ ಇನ್ನೊಂದು ಇಂಜಿನ್ನಿನ ಹತ್ತಿರ ಕರೆದೊಯ್ದು ನಿಲ್ಲಿಸಿದರು. ಛಕ್ ಛಕ್ ಛಕ್ ಛಕ್. ನಾಲ್ಕೂ ಒಂದೇ ಅಳತೆ. ನನಗೋ ಅದು ಪೊಲೀಸರ ಪೆರೇಡಿನ ಹಾಗೆ, ರುಚಿಯಿಲ್ಲದ್ದಾಗಿ ಕೇಳಿಸಿತು.

ಅಷ್ಟರಲ್ಲಿ ಅಣ್ಣ ಬಸ್ಸಿನ ಡ್ಯೂಟಿ ಮುಗಿಸಿ ಯೂನಿಫಾರಮ್ಮಿನಲ್ಲೇ ಬಂದ. ಇವರು ಇಂಜಿನ್ನನ್ನು ಕ್ಲಬ್ಬಿನ ಸ್ಟ್ಯಾಂಡಿಗೆ ಎತ್ತಿಟ್ಟು ಮತ್ತೆ ಚಕ್ರ ತಿರುಗಿಸಿ ನೋಡುತ್ತಿದ್ದರು. ಅಣ್ಣ ದೂರದಲ್ಲೇ ನಿಂತುಬಿಟ್ಟ.

"ಏಯ್! ನಮ್ಮೂರ್ ಗೂಡ್ಸ್ ಕಣೇ ಇದು! ನಿಟ್ಟೂರ್ ಕಡೆಯಿಂದ ಬಂದು ನಮ್ಮ ಹಿತ್ಲಲ್ಲಿ ನಿಂತ್ಕಂಡು ಹೊರಡ್ತಿತ್ತಲ್ಲ, ಅದೇ! ಅದೇ ಸದ್ದು!" ಅವನ ಕಣ್ಣಲ್ಲಿ ನೀರು ಬಂದಿತ್ತು.

ನಾನು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತೆ. ಎಲ್ಲ ತಿಳಿಯಿತು. ಮೇಲ್ ಗಾಡಿಗಳು ನಮ್ಮ ಮನೆ ಹತ್ತಿರ ಬರುವಷ್ಟರಲ್ಲಿ ಸದ್ದೆಲ್ಲ ಕಲಸಿಹೋಗುವಷ್ಟು ಜೋರಾಗಿ ಓಡುತ್ತಿದ್ದವು. ಒಂದೊಂದೇ ಛಕ್ ಬಿಡಿಬಿಡಿಯಾಗಿ ಕೇಳುತ್ತಿದ್ದದ್ದು ಹಿತ್ತಿಲ ಹಿಂದೆ ನಿಂತು ಹೊರಡುತ್ತಿದ್ದ ಆ ಗೂಡ್ಸಿನದು ಮಾತ್ರ. ಅದು ಸವೆದುಹೋದ ಹಳೆಯ ಇಂಜಿನ್ನಾಗಿರಬೇಕು. ಅದರ ಕುಂಟು ನಡಿಗೆಯನ್ನೇ ಎಲ್ಲ ಇಂಜಿನ್ನುಗಳ ನಡಿಗೆ ಎಂದುಕೊಂಡು ನಾನು ಬೆಳೆದಿದ್ದೆ. ವರ್ಷಗಟ್ಟಲೆ ದುಡಿದು ಇವರು ಕಟ್ಟಿದ ಹೊಚ್ಚಹೊಸ ಇಂಜಿನ್ನಿಗೆ ಅದೇ ನಡಿಗೆ ಕಲಿಸಿದ್ದೆ.

ಅಣ್ಣನ ಅಡುಗೆಮನೆ

ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ ಎನ್ನಬಹುದು. ಊಟ ಮುಗಿದರೂ ಕಿಟಕಿಯಲ್ಲಿ ಬಿಸಿಲು. ಇವರ ಬಲಗಡೆ ಕೂತು ವಿಷಯವನ್ನೆಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. ಇವರು ಚಹಾದ ಲೋಟ ಕೆಳಗಿಟ್ಟರು.

"ನಾಲ್ಕು ಕಾಲಲ್ಲಿ ಒಂದು ಕುಂಟ್ತಿತ್ತು ಅನ್ನು. ಅಬ್ಬಾಜಾನ್ ಆಗಿದ್ರೆ ಕುದುರೆ ಗೇಟಿನೊಳಗೆ ಬರೋಕ್ ಮುಂಚೇನೇ ಹೇಳಿರೋರು" ಎಂದರು. ಇವರ ಮುಖದಲ್ಲಿ ನಗು ಬಂದು ಹಾಗೇ ಹೋಯಿತು. "ಮಂಗಳವಾರ ನಮ್ಮ ವಿಮಾನ. ನಮ್ಮೂರಲ್ಲಿ ಹಳಿ ಇಲ್ಲ. ಇಲ್ಲಿ ಓಡ್ಲಿಲ್ಲ ಅಂದ್ರೆ ಅದು ಇನ್ ಯಾವತ್ತೂ ಓಡಲ್ಲ ಕಣೇ. ಸ್ಟ್ಯಾಂಡ್ ಮೇಲೇನೇ."

"ಅದನ್ನ ಸರಿ ಮಾಡ್ಬೇಡಿ ಇಕ್ಬಾಲ್ ಭಾಯ್" ಎಂದ ಅಣ್ಣ. "ಇಪ್ಪತ್ತು ವರ್ಷ ಆದ್ಮೇಲೆ ಕೇಳ್ದೆ ಆ ಸದ್ದನ್ನ. ಹಂಗೇ ಇರ್ಲಿ ಬುಡಿ."

"ನಿಮ್ಗೆ ಕೇಳೋಕೆ ಇಂಜಿನ್ ಬೇಕು ಗೌಸ್ ಭಾಯ್. ನನ್ಗೆ ಓಡ್ಸೋಕೆ ಬೇಕು." ಮೆಲ್ಲಗೇ ಹೇಳಿದರು. ಅಣ್ಣ ಎದ್ದು ಹೋಗಿ ಮಕ್ಕಳ ಟೇಪ್ ರೆಕಾರ್ಡರಿಗೆ ಖಾಲಿ ಕ್ಯಾಸೆಟ್ ಹುಡುಕತೊಡಗಿದ.

ಅತ್ತಿಗೆ ನನ್ನನ್ನು ಬೇರೆಯದೇ ಸಮಸ್ಯೆಗೆ ಎಳೆದೊಯ್ದರು. ನಾಳೆ ಓಡಿದರೆ ನೀನೂ ಆ ಗಾಡಿಯ ಮೇಲೆ ಕೂರಬೇಡವೇ? ಸೀರೆ ಉಟ್ಟು ಕಾಲು ಆಚೀಚೆ ಹಾಕುವುದು ಹೇಗೆ? ತಮ್ಮ ಸಲ್ವಾರ್ ಕೊಟ್ಟರು. ಇಪ್ಪತ್ತು ವರ್ಷ ಸ್ಕೂಟರಿನ ಹಿಂದೆ ಒಂದು ಪಕ್ಕಕ್ಕೇ ಕಾಲು ಹಾಕಿ ಕೂತವಳು ನಾನು. ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ನಾಚಿಕೆಯಾಯಿತು.

ಭಾನುವಾರ

ಜನ ಬರುವ ಮುಂಚೆಯೇ ಹೋದೆವು. ವಾಲ್ವಿನ ಪೆಟ್ಟಿಗೆ ಬಿಚ್ಚಿ ಅಳತೆ ನೋಡುವುದೇ ಸರಿಯಾದ ಕ್ರಮ, ಆದರೆ ಅದಕ್ಕೆ ಅರ್ಧ ದಿನ ಬೇಕು ಎಂದರು ಆರ್ಥರ್. ತಾವೇ ಕೇಳಿ ಹೇಳುವುದಾಗಿಯೂ ಹೇಳಿದರು. ಇವರಿಗೆ ತಿಳಿಸಿದೆ. "ಥ್ಯಾಂಕ್ಸ್ ಅಂತ ಹೇಳು. ನನ್ನ ಕಿವಿ ನೀನೇ" ಎಂದು ಸ್ಪ್ಯಾನರ್ ತೆಗೆದರು. ಎಷ್ಟೋ ಸಂಜೆ ದಾರಿ ತಪ್ಪಿಸಿದ ಕಿವಿಯ ಮೇಲೆ ಇವರಿಗೆ ಇನ್ನೂ ಅಷ್ಟು ಭರವಸೆ ಇದ್ದದ್ದನ್ನು ನೋಡಿ ನಾನು ಇಂಜಿನ್ನಿನ ಪಕ್ಕಕ್ಕೆ ಬಗ್ಗಿದೆ. ಆರ್ಥರ್ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಅಣ್ಣ ಮೊದಲು ಕುಂಟು ಸದ್ದನ್ನು ಕ್ಯಾಸೆಟ್ಟಿನಲ್ಲಿ ತುಂಬಿಕೊಂಡು "ಆಯ್ತು, ಇನ್ ಶುರು ಮಾಡಿ" ಎಂದ.

ಕಷ್ಟವಿದ್ದದ್ದು ಇಲ್ಲಿ. ನನ್ನ ಕಿವಿಗೆ ಸರಿ ಎನಿಸುವುದೇ ತಪ್ಪು. ಹಾಗಾದರೆ ಸರಿಯನ್ನು ಹಿಡಿಯುವುದು ಯಾವುದರಿಂದ? ಕಣ್ಣು ಮುಚ್ಚಿ ಯೋಚಿಸಿದೆ. ಮೂರನೇ ಕ್ಲಾಸಿನಲ್ಲಿ ನಲವತ್ತು ಮಕ್ಕಳು ಒಟ್ಟಿಗೆ ಮಗ್ಗಿ ಹೇಳುವಾಗ ಒಬ್ಬರು ಹಿಂದೆ ಬಿದ್ದರೂ ನಾನು ಬೋರ್ಡಿನ ಕಡೆ ತಿರುಗಿಕೊಂಡೇ ಹಿಡಿಯುತ್ತೇನೆ. ಆ ಕಿವಿ ಗೂಡ್ಸ್ ಗಾಡಿ ಕಲಿಸಿದ್ದಲ್ಲ. "ಆದಷ್ಟು ನಿಧಾನಕ್ಕೆ ತಿರುಗ್ಸಿ" ಎಂದು ಕೂಗಿ, ಒಂದೊಂದು ಛಕ್ಕಿಗೆ ಒಂದೊಂದು ಸಾಲು ಹೇಳತೊಡಗಿದೆ. "ಎರಡೊಂದ್ಲ ಎರಡು. ಎರಡೆರಡ್ಲ ನಾಕು. ಎರಡ್ ಮೂರ್ಲ ಆರು." ನಾಲ್ಕನೆಯ ಸಾಲನ್ನು ಹೇಳಿ ಮುಗಿಸಿದರೂ ಛಕ್ ಬರಲಿಲ್ಲ. ಹಿಂದಿನ ಬೆಂಚಿನ ಹುಡುಗನ ಹಾಗೆ ತಡವಾಗಿ ಬಂತು.

"ಸಿಕ್ತು! ತಿರುಗ್ಸಿ!"

ಆವಿ ನಿಲ್ಲಿಸುವುದು, ನಟ್ಟು ಕಾಲು ಸುತ್ತು, ಮತ್ತೆ ಆವಿ, ಮತ್ತೆ ಮಗ್ಗಿ. ಎರಡರ ಮಗ್ಗಿ ಮುಗಿಸಿ ಮೂರಕ್ಕೆ ಬಂದೆ. ಟೀ ತಂದ ಒಬ್ಬ ಅಜ್ಜಿ ಅಣ್ಣನನ್ನು ಪಿಸುಮಾತಿನಲ್ಲಿ, ಅದು ನಿಮ್ಮವರ ಪ್ರಾರ್ಥನೆಯೇ ಎಂದು ಕೇಳಿದಳಂತೆ. ಅಣ್ಣ ಹೌದು ಎಂದನಂತೆ. ಅದಕ್ಕೇ ಎಲ್ಲರೂ ಟೋಪಿ ತೆಗೆದು ನಿಂತಿದ್ದರು ಎಂದು ಆಮೇಲೆ ಗೊತ್ತಾಯಿತು.

ನಾಲ್ಕರ ಮಗ್ಗಿಯ ಮಧ್ಯದಲ್ಲಿ ಇಡೀ ಕ್ಲಾಸು ಒಂದಾಯಿತು. ಹಿಂದೆ ಬಿದ್ದವರು ಯಾರೂ ಇಲ್ಲ. "ಸಾಕು! ಅಲ್ಲೇ ಬಿಡಿ!" ಎಂದು ಕೂಗಿದೆ. ಆರ್ಥರ್ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿ ಕೇಳಿ, "ಕೆಟ್ಟದ್ದೇನಲ್ಲ" ಎಂದರು.

ಆ ಹೊತ್ತಿಗೆ ಜನ ಬರತೊಡಗಿದ್ದರು. ಬೇರೆ ಇಂಜಿನ್ನುಗಳ ಸೀಟಿ, ಗಲಾಟೆ. ಇವರು ಮುಂದೆ ಕೂತರು, ಹಿಂದೆ ನಾನು, ನನ್ನ ಹಿಂದೆ ಅಣ್ಣ, ಕೊನೆಯ ಗಾಡಿಯಲ್ಲಿ ಆರ್ಥರ್ ಸಹಿತ ಮೂವರು. ಇವರು ಬಿಸ್ಮಿಲ್ಲಾ ಎಂದು ಆವಿ ಬಿಡುವ ಹ್ಯಾಂಡಲ್ ಎಳೆದರು. ಹೊರಟಿತು. ಕೊಳದ ಹತ್ತಿರ ಏರು ಕಾಣಿಸಿದಾಗ ಇವರು ತಲೆ ತಿರುಗಿಸಿ, "ಹೆಂಗೈತೆ ಸದ್ದು? ಚಕ್ರ ಜಾರಿದ್ರೆ ನಂಗ್ ಗೊತ್ತಾಗಲ್ಲ, ಹೇಳ್ತಾ ಇರು" ಎಂದರು. ಹೇಳಿದೆ. ಬಾಯ್ಲರ್ ಮೇಲೆ, ಹೆಚ್ಚಾದ ಆವಿಯನ್ನು ಹೊರಬಿಡುವ ಬೇರೊಂದು ವಾಲ್ವು ಬುಸುಗುಟ್ಟುತ್ತಿತ್ತು, ಇವರಿಗೆ ಕೇಳಿಸಲಿಲ್ಲ. ಕೂಗಿದೆ. ಆಗಲೂ ಕೇಳಿಸಲಿಲ್ಲ. ಇಂಜಿನ್ನು ನಿಧಾನವಾಯಿತು. ಇವರ ಕೈ ಹ್ಯಾಂಡಲಿನ ಮೇಲೆ ತಡವರಿಸುತ್ತಿತ್ತು, ಹೆಚ್ಚು ಎಳೆಯುವುದೋ ಕಡಿಮೆ ಮಾಡುವುದೋ ತಿಳಿಯದೆ.

ಬೀದಿಯಲ್ಲಿ ನಾನು ಇವರಿಗಿಂತ ನಾಲ್ಕು ಹೆಜ್ಜೆ ಹಿಂದೆ ನಡೆದು ಅಭ್ಯಾಸ. ಜನರ ಎದುರಿಗೆ ಒಂದು ದಿನವೂ ಇವರ ಮೈ ಮುಟ್ಟಿದವಳಲ್ಲ, ಅದರಲ್ಲೂ ಹಿಂದೆ ಅಣ್ಣ ಕೂತಿದ್ದ. ಕೈ ಚಾಚಿ ಇವರ ಭುಜದ ಮೇಲೆ ಅಂಗೈಯಿಂದ ಬಡಿಯತೊಡಗಿದೆ. ಒಂದು, ಎರಡು, ಮೂರು, ನಾಲ್ಕು. ಚಿಮಣಿಯಿಂದ ಬಂದ ಹಾಗೆ ಹಾಗೇ. ಇವರ ಬೆನ್ನು ಒಮ್ಮೆ ಬಿಗಿಯಾಯಿತು, ಆಮೇಲೆ ಸಡಿಲವಾಯಿತು. ಹ್ಯಾಂಡಲಿನ ಮೇಲಿನ ಕೈ ನಿಂತಲ್ಲೇ ನಿಂತಿತು. ಏರಿನ ನಡುವೆ ಚಕ್ರ ಸರ್ರನೆ ಜಾರಿದಾಗ ನಾನು ಪಟಪಟ ಬಡಿದೆ, ಇವರು ತಕ್ಷಣ ಆವಿ ತಗ್ಗಿಸಿದರು. ಮತ್ತೆ ಹಿಡಿಯಿತು. ಒಂದು, ಎರಡು, ಮೂರು, ನಾಲ್ಕು. ಹಿಂದಿನ ದಿನ ನಿಂತ ಜಾಗ ಪಕ್ಕಕ್ಕೆ ಬಂತು, ಹಿಂದಕ್ಕೆ ಹೋಯಿತು. ಏರು ಮುಗಿಯಿತು. ಹಿಂದಿನಿಂದ ಆರ್ಥರ್ ಏನೋ ಕೂಗಿದರು, ಅದು 'ಕೆಟ್ಟದ್ದೇನಲ್ಲ' ಆಗಿರಲಿಲ್ಲ.

ಇಳಿಜಾರಿನಲ್ಲಿ ಇವರು ಆವಿ ಪೂರ್ತಿ ನಿಲ್ಲಿಸಿದರು. ಇಂಜಿನ್ನು ತನ್ನ ಪಾಡಿಗೆ ತಾನು ಸದ್ದಿಲ್ಲದೆ ಇಳಿಯುತ್ತಿತ್ತು, ಮುಖಕ್ಕೆ ತಣ್ಣನೆಯ ಗಾಳಿ. ಹೊರಟ ಜಾಗ ಹತ್ತಿರ ಬರುವಾಗ ಇವರು ಅರ್ಧ ತಿರುಗಿದರು. ಕೆನ್ನೆಯ ಮೇಲೆ ಮಸಿ, ಕಣ್ಣು ಒದ್ದೆ.

"ಸ್ಟೀಮ್ ಬಂದ್ ಮಾಡಿ ಎಷ್ಟೊತ್ತಾಯ್ತು. ಇನ್ನೂ ಏನೇ ಬಡೀತಿದೀಯ?"

"ಸುಮ್ನೆ ಮುಂದೆ ನೋಡ್ಕಂಡು ಓಡ್ಸಿ" ಎಂದೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ನಿಲ್ಲಿಸಬೇಕಾದ ಜಾಗದಲ್ಲಿ ನಿಲ್ಲಿಸದೆ, ಇನ್ನೊಂದು ಸುತ್ತಿಗೆ ಹ್ಯಾಂಡಲ್ ಎಳೆದರು.